ಹಿಂಬದಿಯ ಎಡಗಡೆ ಗ್ಲಾಸು

ನಂಬುವವರು ನಂಬಲಿ, ಬಿಡುವವರು ಬಿಡಲಿ. ಇದು ಕಟ್ಟಿದ ಕಥೆಯಲ್ಲ ಎಂದು ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಮೂವತ್ತು ವರ್ಷದಿಂದ ಕಾರು, ಲಾರಿ, ಟ್ರ್ಯಾಕ್ಟರುಗಳ ವೈರು ಹಿಡಿದು ಬದುಕಿದವನು ನಾನು. ಪ್ಲಸ್ಸೂ ಮೈನಸ್ಸೂ ಕೂಡದೆ ಬಲ್ಬು ಉರಿಯುವುದಿಲ್ಲ ಎಂಬುದೊಂದೇ ನನಗೆ ಗೊತ್ತಿರುವ ಶಾಸ್ತ್ರ. ಆ ಶಾಸ್ತ್ರ ಸುಳ್ಳಾದದ್ದನ್ನು ಒಂದೇ ಒಂದು ಸಲ ನೋಡಿದ್ದೇನೆ.

ಇನ್ನೊಂದು ಮಾತು. ದೆವ್ವದ ಕಥೆ ಹೇಳುವವರಿಗೆಲ್ಲ ಸರಿಯಾಗಿ ರಾತ್ರಿ ಹನ್ನೆರಡಕ್ಕೇ ಎಲ್ಲವೂ ಆಗುತ್ತದೆ, ಅದೂ ಅಮಾವಾಸ್ಯೆ ನೋಡಿಕೊಂಡು. ನನಗಾದದ್ದು ಎಂಟೂವರೆಗೆ. ರಸ್ತೆಯಲ್ಲಿ ಇನ್ನೂ ಒಂದೊಂದು ಬೈಕು ಓಡಾಡುತ್ತಿತ್ತು. ನಾನು ಕುಡಿಯುವವನಲ್ಲ, ಆ ದಿನ ಜ್ವರವೂ ಇರಲಿಲ್ಲ.

ನನ್ನ ಹೆಸರು ದಾದಾಪೀರ್. ಊರವರ ಬಾಯಲ್ಲಿ ಪೀರಣ್ಣ. ಚನ್ನಗಿರಿಯಿಂದ ನಲ್ಲೂರು ಕಡೆ ಹೋಗುವ ರಸ್ತೆಯಲ್ಲಿ, ಮನೆಗಳೆಲ್ಲ ಮುಗಿದ ಮೇಲೆ, ನನ್ನ ತಗಡಿನ ಶೆಡ್ಡು ಇದೆ. ಹಿಂದೆ ಒಂದು ಕೋಣೆ. ಮಗಳನ್ನು ಹೊನ್ನಾಳಿಗೆ ಕೊಟ್ಟೆ. ಅದಾದ ಎರಡನೇ ವರ್ಷ ಹೆಂಡತಿ ತೀರಿಕೊಂಡಳು. ಆಮೇಲೆ ಪೇಟೆಯೊಳಗಿನ ಬಾಡಿಗೆ ಮನೆ ಬಿಟ್ಟು ಆ ಕೋಣೆಯಲ್ಲೇ ಮಲಗುತ್ತೇನೆ. ಸಂಜೆ ಗಿರಾಕಿಗಳು ಹೋದ ಮೇಲೆ ಮಾತಾಡಲು ಯಾರೂ ಇರುವುದಿಲ್ಲ. ಬಿಚ್ಚಿಟ್ಟ ಗಾಡಿಗಳನ್ನೇ ಬೈಯುತ್ತಾ ಕೂರುತ್ತೇನೆ. ಅವು ತಿರುಗಿ ಬೈಯುವುದಿಲ್ಲ, ಅದೊಂದೇ ಬೇಜಾರು.

ಪವರ್ ವಿಂಡೋ ರಿಪೇರಿಯಲ್ಲಿ ನನಗೆ ಸ್ವಲ್ಪ ಹೆಸರಿದೆ. ಸ್ವಿಚ್ಚು ಕೆಟ್ಟಿದೆಯೋ, ಮೋಟರು ಕೆಟ್ಟಿದೆಯೋ ಎಂದು ತಿಳಿಯಲು ಬೇರೆಯವರು ಮೊದಲು ಮೀಟರ್ ಹಿಡಿಯುತ್ತಾರೆ. ನಾನು ಮೊದಲು ಕಿವಿ ಇಡುತ್ತೇನೆ. ಒಳ್ಳೆ ಸ್ವಿಚ್ಚು ಒತ್ತಿದರೆ ‘ಟಕ್’ ಎಂದು ಒಂದೇ ಮಾತು ಆಡುತ್ತದೆ. ಒಳಗಿನ ತಾಮ್ರ ಸವೆದದ್ದು ತೊದಲುತ್ತದೆ. ಕತ್ತಲಗೆರೆಯ ರತ್ನಮ್ಮನ ಕಾರಿನ ಹಿಂಬದಿಯ ಎಡಗಡೆ ಸ್ವಿಚ್ಚು ಹಾಗೆ ತೊದಲುತ್ತಿತ್ತು. ‘ಟಕ್... ಕ್.’ ಬಿಕ್ಕಳಿಕೆ ಬಂದ ಮಗುವಿನ ಹಾಗೆ.

ರತ್ನಮ್ಮ ಅಂಗನವಾಡಿ ಟೀಚರು. ಐವತ್ತರ ಹತ್ತಿರದ ಹೆಂಗಸು, ತಾನೇ ಕಾರು ಓಡಿಸಿಕೊಂಡು ಬರುತ್ತಿದ್ದಳು. ಡ್ಯಾಶ್‌ಬೋರ್ಡಿನ ಮೇಲೆ ಬೆರಳುದ್ದದ ಬುದ್ಧನ ಮೂರ್ತಿ ಅಂಟಿಸಿಕೊಂಡಿದ್ದಳು. ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಂಜೆ ಬಂದಳು.

“ಪೀರಣ್ಣ, ಹಿಂದಿನ ಗ್ಲಾಸು ತಾನೇ ತಾನಾಗಿ ಇಳಿತೈತೆ ನೋಡ್ರಿ. ರಾತ್ರಿ ಏರಿಸಿಟ್ಟು ಮಲಗಿದ್ರೆ ಬೆಳಿಗ್ಗೆ ಸೀಟೆಲ್ಲ ನೀರು.”

ನೋಡಿದೆ. ಸ್ವಿಚ್ಚೇ ಕೆಟ್ಟಿತ್ತು. ಆ ಸ್ವಿಚ್ಚು ನಮ್ಮಲ್ಲಿ ಸಿಗುವುದಿಲ್ಲ, ದಾವಣಗೆರೆಯಿಂದ ತರಿಸಬೇಕು. ಅಲ್ಲಿಯವರೆಗೆ ಏನು ಮಾಡುವುದು? ನಮ್ಮ ಕಡೆ ಎಲ್ಲ ಎಲೆಕ್ಟ್ರಿಷಿಯನ್ನರೂ ಮಾಡುವುದನ್ನೇ ನಾನೂ ಮಾಡಿದೆ. ಗ್ಲಾಸನ್ನು ಪೂರ್ತಿ ಏರಿಸಿ, ಮೋಟರಿಗೆ ಹೋಗುವ ಎರಡೂ ವೈರು ಕತ್ತರಿಸಿ, ತುದಿಗಳಿಗೆ ಬೇರೆ ಬೇರೆಯಾಗಿ ಕಪ್ಪು ಟೇಪು ಸುತ್ತಿದೆ. ಇನ್ನು ಯಾವ ಸ್ವಿಚ್ಚು ಒತ್ತಿದರೂ ಆ ಗ್ಲಾಸು ಅಲುಗಾಡುವುದಿಲ್ಲ. ರತ್ನಮ್ಮ ಪಕ್ಕದಲ್ಲೇ ನಿಂತು ಟಾರ್ಚು ಹಿಡಿದಿದ್ದಳು.

“ಒಂದು ವಾರ ಬಿಟ್ಟು ಬರ್ರಿ, ಹೊಸ ಸ್ವಿಚ್ ಹಾಕಿ ವೈರ್ ಜೋಡಿಸಿ ಕೊಡ್ತೀನಿ. ಅಲ್ಲಿತನಕ ಈ ಗ್ಲಾಸು ಇಳಿಯಾಕಿಲ್ಲ” ಎಂದೆ.

“ಆತು ಬಿಡ್ರಿ” ಎಂದು ಹೋದಳು. ವಾರವಾಯಿತು, ಎರಡು ತಿಂಗಳಾಯಿತು. ಅವಳು ಬರಲಿಲ್ಲ, ನಾನು ಫೋನು ಮಾಡಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾದದ್ದು ನನ್ನ ಮನೆಯಲ್ಲ.

ಆಮೇಲೆ ಒಂದು ದಿನ ಚಹಾ ಅಂಗಡಿಯಲ್ಲಿ ಸುದ್ದಿ ಕೇಳಿದೆ. ಕತ್ತಲಗೆರೆ ಕಡೆ ಒಂದು ಕಾರು ಗದ್ದೆಗೆ ನೀರು ಹರಿಯುವ ಚಾನಲ್ಲಿಗೆ ಬಿತ್ತಂತೆ. ಓಡಿಸುತ್ತಿದ್ದ ಗಂಡ ಉಳಿದನಂತೆ. ಹಿಂದೆ ಕೂತಿದ್ದ ಹೆಂಡತಿ, ಅಂಗನವಾಡಿ ಟೀಚರು...

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತಿದೆಯಲ್ಲ, ನನಗೆ ಹಾಗಾಯಿತು. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಹಿಂದೆ ಅಂದರೆ ಬಲಗಡೆಯೋ ಎಡಗಡೆಯೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಹೆದರಿಕೆ.

ಐದು ತಿಂಗಳು ಕಳೆಯಿತು. ಮಾಘದ ಚಳಿ ಇನ್ನೂ ಇತ್ತು. ಒಂದು ಸಂಜೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಅದೇ ಕಾರು ನನ್ನ ಶೆಡ್ಡಿಗೆ ಬಂತು. ಟ್ರ್ಯಾಕ್ಟರಿನಿಂದ ಇಳಿದವನು ರತ್ನಮ್ಮನ ಗಂಡ ತಿಪ್ಪೇಸ್ವಾಮಿ. ಹೈಸ್ಕೂಲಿನಲ್ಲಿ ಗುಮಾಸ್ತ, ಮೂಲ ಜಗಳೂರಿನ ಕಡೆಯವನು. ಮೊದಲು ಒಂದೆರಡು ಸಲ ನೋಡಿದ್ದೆ. ಈಗ ಅಂಗಿ ಯಾರದೋ ದೊಡ್ಡಣ್ಣನದು ಎನ್ನುವಷ್ಟು ಇಳಿದುಹೋಗಿದ್ದ.

“ಓಡಿಸಾಕೆ ರಿಪೇರಿ ಬ್ಯಾಡ ಪೀರಣ್ಣ. ಹಿಂದಿನ ಎಡಗಡೆ ಗ್ಲಾಸಿನ ಸ್ವಿಚ್ ಒಂದು ಟೆಸ್ಟ್ ಮಾಡಿ ಹೇಳ್ರಿ. ಅಷ್ಟೇ ಬೇಕು ನನಗೆ.”

ಯಾಕೆ ಎಂದು ಕೇಳಲೇಬೇಕಿತ್ತು, ಕೇಳಿದೆ. ಅವನು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದ.

ಅಂಗನವಾಡಿಗೆ ಮೊಟ್ಟೆ ತರಲು ಇಬ್ಬರೂ ಚನ್ನಗಿರಿಗೆ ಬಂದಿದ್ದರು. ಹಿಂದಿನ ಸೀಟಿನ ಬಲಗಡೆ ಮೊಟ್ಟೆಯ ಟ್ರೇಗಳನ್ನು ಮಾಡಿನ ತನಕ ಒಟ್ಟಿದ್ದರು. ಹಳ್ಳ ದಿಣ್ಣೆಗೆ ಒಡೆಯಬಾರದೆಂದು ರತ್ನಮ್ಮ ಎಡಗಡೆ ಕೂತು ಅವನ್ನು ಹಿಡಿದುಕೊಂಡಿದ್ದಳು. ಕತ್ತಲಾಗಿತ್ತು. ಎದುರಿಗೆ ಲೈಟಿಲ್ಲದ ಗಾಡಿ ಬಂತು, ತಪ್ಪಿಸಲು ಹೋಗಿ ಚಾನಲ್ಲಿಗೆ ಇಳಿದರು.

“ನನ್ನ ಗ್ಲಾಸು ಇಳೀತು, ನಾನು ಹೊರಗೆ ಬಂದೆ. ತಿರುಗಿ ಕೈ ಹಾಕ್ದೆ, ಸೀಟು ಅಡ್ಡ, ಎಟುಕಲಿಲ್ಲ. ಡೋರು ಎಳೆದೆ, ನೀರಿನ ಒತ್ತಡಕ್ಕೆ ಬರ್ಲಿಲ್ಲ. ಒಳಗಿಂದ ಅವ್ಳು ಸ್ವಿಚ್ ಒತ್ತೋದು ಕೇಳ್ತಿತ್ತು ಪೀರಣ್ಣ. ಟಕ್, ಟಕ್ ಅಂತ. ಗ್ಲಾಸು ಇಳೀಲಿಲ್ಲ. ಆಮೇಲೆ ಸದ್ದು ನಿಂತು ಹೋತು.”

ನಾನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸುತ್ತಿದ್ದೆ.

“ನನ್ನ ಡೋರಿನಾಗೆ ಲಾಕ್ ಬಟನ್ ಐತಲ್ರಿ? ಅದು ಒತ್ತಿದ್ರೆ ಹಿಂದಿನ ಗ್ಲಾಸು ಕೆಲಸ ಮಾಡಾಕಿಲ್ಲ. ಅಂಗನವಾಡಿ ಮಕ್ಕಳನ್ನ ಕೂರಿಸ್ಕಂಡಾಗ ನಾನೇ ಒತ್ತಿ ಇಡ್ತಿದ್ದೆ. ಅವತ್ತು ಒತ್ತಿದ್ನೋ ಇಲ್ವೋ ನೆನಪಾಗವಲ್ದು. ಗಾಡಿ ಎತ್ತಿದೋರು ಎಲ್ಲಾ ಬಟನ್ ಮುಟ್ಟ್ಯಾರೆ, ಈಗ ನೋಡಿದ್ರೆ ತಿಳಿಯಂಗಿಲ್ಲ. ಸ್ವಿಚ್ ಕೆಟ್ಟಿತ್ತು ಅಂದ್ರೆ ನಾನು ಉಳ್ಕಂಡೆ. ಸ್ವಿಚ್ ಸರಿ ಐತೆ ಅಂದ್ರೆ... ಲಾಕ್ ಮಾಡಿದ್ದು ನಾನೇ.” ಅವನು ತನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತಾ ಹೇಳಿದ. “ನೀವು ರಿಪೇರಿ ಮಾಡಿಕೊಟ್ಟಿದ್ರಿ ಅಂತ ಅವ್ಳು ಹೇಳಿದ್ಲು. ಅದಕ್ಕೆ ನಿಮ್ಮತ್ರನೇ ತಂದೆ.”

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. “ನಾಳೆ ಹೇಳ್ತೀನಿ, ಹೋಗಿ ಬರ್ರಿ” ಎಂದೆ. ನನ್ನ ಬಾಯಿಗೆ ಆ ನಾಳೆ ಎಂಬುದು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಅವನು ಹೋದ. ನಾನು ಶೆಟರ್ ಅರ್ಧ ಎಳೆದು ಕಾರಿನ ಹತ್ತಿರ ಹೋದೆ.

ಐದು ತಿಂಗಳು ಬಿಸಿಲಲ್ಲಿ ನಿಂತ ಗಾಡಿ. ಯಾರೋ ತೊಳೆದೂ ಇದ್ದರು. ಆದರೂ ಬಾಗಿಲು ತೆರೆದ ಕೂಡಲೇ ಚಾನಲ್ಲಿನ ಕೆಸರಿನ ವಾಸನೆ ಮುಖಕ್ಕೆ ಬಡಿಯಿತು. ಅದರ ಜೊತೆ ಹಸಿ ಮೊಟ್ಟೆಯ ವಾಸನೆ. ಹಳೆಯದಲ್ಲ, ಈಗ ತಾನೇ ಒಡೆದ ಮೊಟ್ಟೆಯದು. ಇರಲಿ ಎಂದುಕೊಂಡೆ. ಮೂಗಿಗೆ ಮನಸ್ಸೂ ಸೇರಿಕೊಂಡರೆ ಏನು ಬೇಕಾದರೂ ವಾಸನೆ ಬರುತ್ತದೆ.

ಕಾರಿನ ಬ್ಯಾಟರಿ ಎಂದೋ ಸತ್ತಿತ್ತು. ನನ್ನ ಟೆಸ್ಟಿಂಗ್ ಬ್ಯಾಟರಿಯ ಕ್ಲಿಪ್ಪು ಹಾಕಿ ನೋಡಿದೆ. ಆಶ್ಚರ್ಯ, ಡ್ರೈವರ್ ಕಡೆಯ ಗ್ಲಾಸು ಗುಂಯ್ ಎಂದು ಇಳಿಯಿತು, ಏರಿತು. ಹಿಂಬದಿಯ ಎಡಗಡೆಯ ಸ್ವಿಚ್ಚು ಒತ್ತಿದೆ. ‘ಟಕ್... ಕ್.’ ಅದೇ ತೊದಲು. ಗ್ಲಾಸು ಅಲುಗಾಡಲಿಲ್ಲ.

ಕ್ಲಿಪ್ಪು ತೆಗೆದು ಗೋಡೆಯ ಮೊಳೆಗೆ ನೇತುಹಾಕಿದೆ. ಬಾಗಿಲಿನ ಒಳಮುಚ್ಚಳ ಬಿಚ್ಚಿದೆ. ಸ್ವಿಚ್ಚನ್ನು ಅದರ ಮನೆಯಿಂದ ಕಿತ್ತು, ಸ್ಟೀಲಿನ ತಟ್ಟೆಯೊಂದರಲ್ಲಿ ಇಟ್ಟೆ. ಬಾಗಿಲಿನೊಳಗೆ ಒಣಗಿದ ಕೆಸರು, ಅದಕ್ಕೆ ಅಂಟಿದ ಮೊಟ್ಟೆಯ ಚಿಪ್ಪಿನ ಚೂರುಗಳು. ಅದರ ನಡುವೆ ನನ್ನ ಎರಡು ವೈರುಗಳು. ನಾಲ್ಕು ತುದಿ. ನಾನೇ ಸುತ್ತಿದ ಕಪ್ಪು ಟೇಪು, ಕೊನೆಯಲ್ಲಿ ಮಡಿಸಿ ಒತ್ತುವ ನನ್ನದೇ ಅಭ್ಯಾಸ. ಇದು ನನ್ನ ಕೈಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲೂ ಆಗದ ಹಾಗೆ ಇತ್ತು.

ನೆಲದ ಮೇಲೆ ಕೂತುಬಿಟ್ಟೆ. ನನ್ನ ಹೆಂಡತಿ ಬದುಕಿದ್ದರೆ ಎಬ್ಬಿಸಿ ಒಂದು ಲೋಟ ನೀರು ಕೊಡುತ್ತಿದ್ದಳು, ಆಮೇಲೆ ಚೆನ್ನಾಗಿ ಬೈಯುತ್ತಿದ್ದಳು. ಎರಡಕ್ಕೂ ಯಾರೂ ಇರಲಿಲ್ಲ. ಹೊನ್ನಾಳಿಗೆ ಫೋನು ಮಾಡಿ ಮಗಳಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ನಿನ್ನಪ್ಪ ಒಬ್ಬಳನ್ನು ಕೊಂದಿದ್ದಾನೆ ಎಂದೇ?

ಆಗ ಬುದ್ಧಿ ಓಡಿತು. ಕೆಟ್ಟ ಬುದ್ಧಿ ಬೇಗ ಓಡುತ್ತದೆ. ‘ನೀರು ಹೊಕ್ಕು ಸ್ವಿಚ್ಚು ಸತ್ತಿತ್ತು’ ಎಂದರಾಯಿತು. ತಿಪ್ಪೇಸ್ವಾಮಿಗೆ ನೆಮ್ಮದಿ, ನನಗೂ ನೆಮ್ಮದಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಮುಂದೊಂದು ದಿನ ಬೇರೆ ಮೆಕ್ಯಾನಿಕ್ಕು ಆ ಬಾಗಿಲು ಬಿಚ್ಚಿದರೆ? ಕತ್ತರಿಸಿದ ವೈರು ಕಾಣಬಾರದು. ಬೆಸುಗೆ ಹಾಕಿ ಜೋಡಿಸಿಬಿಡಬೇಕು, ಈಗಲೇ.

ಹಳೆಯ ಟೇಪು ಕಿತ್ತೆ. ತುದಿಗಳನ್ನು ಬ್ಲೇಡಿನಿಂದ ಕೆರೆದು ತಾಮ್ರ ಬಿಡಿಸಿದೆ. ಒಂದಕ್ಕೊಂದು ತಾಗದ ಹಾಗೆ ನಾಲ್ಕನ್ನೂ ಬೇರೆ ಬೇರೆ ಬಾಗಿಸಿ, ಬೆಸುಗೆಯ ಕಡ್ಡಿ ಕಾಯಲು ಇಟ್ಟೆ.

ಕರೆಂಟು ಹೋಯಿತು.

ಇದರಲ್ಲೇನೂ ವಿಶೇಷವಿಲ್ಲ, ನಮ್ಮ ಲೈನಿನಲ್ಲಿ ದಿನಾ ಹೋಗುತ್ತದೆ. ಮೊಬೈಲಿನ ಟಾರ್ಚು ಹಚ್ಚಿ ಬೆಂಚಿನ ಮೇಲೆ ನಿಲ್ಲಿಸಿದೆ. ಕರೆಂಟು ಬರಲಿ ಎಂದು ಸ್ಟೂಲಿನ ಮೇಲೆ ಕೂತೆ. ಹೊರಗೆ ಒಂದು ಬೈಕು ಹೋಯಿತು. ಅದರ ಸದ್ದು ದೂರವಾಗುವ ತನಕ ಕೇಳಿಸಿಕೊಂಡೆ. ಆಮೇಲೆ ಏನೂ ಇಲ್ಲ.

ಟಕ್... ಕ್.

ಮೊದಲು ತಗಡು ಎಂದುಕೊಂಡೆ. ಚಳಿಗೆ ತಗಡು ಸದ್ದು ಮಾಡುತ್ತದೆ.

ಟಕ್... ಕ್.

ತಗಡು ತೊದಲುವುದಿಲ್ಲ. ಮೂವತ್ತು ವರ್ಷ ಕೇಳಿದ ಕಿವಿ ಇದು. ಸದ್ದು ಬಂದದ್ದು ಸ್ಟೀಲಿನ ತಟ್ಟೆಯಿಂದ. ತಟ್ಟೆಯಲ್ಲಿದ್ದದ್ದು ಬಿಚ್ಚಿಟ್ಟ ಸ್ವಿಚ್ಚು ಒಂದೇ. ನಾನು ತಲೆ ತಿರುಗಿಸಲಿಲ್ಲ. ಕಣ್ಣು ಮಾತ್ರ ಆ ಕಡೆ ಹೊರಳಿಸಿದೆ. ಟಾರ್ಚಿನ ಬೆಳಕು ತಟ್ಟೆಯ ಅಂಚಿನ ಮೇಲೆ ಬಿದ್ದಿತ್ತು. ಸ್ವಿಚ್ಚಿನ ಮೇಲಿನ ಕರಿ ಗುಂಡಿ ಒಂದು ಪಕ್ಕಕ್ಕೆ ತಗ್ಗಿತು. ಯಾರೋ ಬೆರಳಿಟ್ಟು ಒತ್ತಿ ಬಿಟ್ಟ ಹಾಗೆ ಮತ್ತೆ ಎದ್ದಿತು.

ಬಾಯಲ್ಲಿ ದುವಾ ಕೂಡ ಸರಿಯಾಗಿ ಬರಲಿಲ್ಲ, ಅರ್ಧಕ್ಕೆ ಮರೆತುಹೋಯಿತು. ಹಸಿ ಮೊಟ್ಟೆಯ ವಾಸನೆ ಮೊದಲಿಗಿಂತ ಹೆಚ್ಚಾಯಿತು...

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಜೀವ ಹೋಗಿ ಬಂತು. ತಿಪ್ಪೇಸ್ವಾಮಿ. ಟಾರ್ಚು ಆರಬಾರದೆಂದು ಫೋನು ಇದ್ದಲ್ಲೇ ಬಿಟ್ಟು ಸ್ಪೀಕರಿಗೆ ಹಾಕಿದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಯಾವ ಮನುಷ್ಯನ ಸ್ವರವಾದರೂ ಸಾಕಿತ್ತು.

“ಪೀರಣ್ಣ, ಊಟ ಆತಾ? ಕೂತಲ್ಲಿ ಕೂರಾಕೆ ಆಗವಲ್ದು. ಏನಾದ್ರೂ ಗೊತ್ತಾತಾ ಅಂತ...”

“ಈಗ ಬಿಚ್ಚೀನಿ. ಕರೆಂಟ್ ಹೋಗೈತೆ. ಬೆಳಿಗ್ಗೆ...”

ಟಕ್... ಕ್.

ಅವನ ಉಸಿರು ಕೇಳುತ್ತಿತ್ತು.

“ಅದೇ” ಎಂದ ಬಹಳ ಮೆಲ್ಲಗೆ. “ಅದೇ ಸದ್ದು ಪೀರಣ್ಣ. ಒಂದು ಹೊಡೆದು ಅರ್ಧ ಹೊಡಿತಿತ್ತು, ಹಿಂಗೇ. ನೀವು ಒತ್ತಾ ಇದೀರಾ?”

ನನ್ನ ಎರಡೂ ಕೈ ಮೊಣಕಾಲಿನ ಮೇಲಿದ್ದವು. ತಟ್ಟೆ ನನ್ನಿಂದ ಎರಡು ಮಾರು ದೂರ.

“ಹೂಂ” ಎಂದೆ. “ನಾನೇ.”

“ಇನ್ನೊಂದ್ಸಲ ಒತ್ರಿ.”

ನಾನು ಅಲುಗಾಡಲಿಲ್ಲ. ಅದು ಒತ್ತಿತು. ಟಕ್... ಕ್.

“ಇನ್ನೊಂದ್ಸಲ. ನಿಲ್ಲಿಸಬ್ಯಾಡ್ರಿ.”

ಟಕ್... ಕ್. ಟಕ್... ಕ್.

ಆಮೇಲೆ ಕಾರಿನ ಕಡೆಯಿಂದ ಬಂದ ಸದ್ದಿಗೆ ನಾನು ಸ್ಟೂಲು ಬೀಳಿಸಿ ಎದ್ದೆ. ಗುಂಯ್... ಮೋಟರು. ಬ್ಯಾಟರಿಯ ಕ್ಲಿಪ್ಪು ಎರಡೂ ಗೋಡೆಯ ಮೊಳೆಯಲ್ಲಿದ್ದವು. ಕತ್ತರಿಸಿದ ನಾಲ್ಕು ತುದಿಗಳೂ ನಾನು ಬಾಗಿಸಿಟ್ಟ ಹಾಗೇ ಒಂದೊಂದು ದಿಕ್ಕಿಗೆ ನಿಂತಿದ್ದವು, ಕೆರೆದ ತಾಮ್ರ ಮೊಬೈಲಿನ ಬೆಳಕಿಗೆ ಹೊಳೆಯುತ್ತಿತ್ತು. ಸ್ವಿಚ್ಚು ತಟ್ಟೆಯಲ್ಲಿತ್ತು. ಗ್ಲಾಸು ಇಳಿಯುತ್ತಿತ್ತು. ಕೆಸರು ಹಿಡಿದಿದ್ದಕ್ಕೆ ಕಿರ್ ಎಂದು ತಡವರಿಸುತ್ತಾ, ನಿಲ್ಲುತ್ತಾ, ಮತ್ತೆ ಇಳಿಯುತ್ತಾ ಪೂರ್ತಿ ಕೆಳಗೆ ಹೋಗಿ ‘ದಡ್’ ಎಂದು ಕೂತಿತು.

ಶೆಡ್ಡಿನಲ್ಲಿ ನಾನು ಒಬ್ಬನೇ ಇದ್ದೆ. ಆದರೂ ಆ ಖಾಲಿ ಕಿಟಕಿಯ ಎದುರು ನಿಂತವನಿಗೆ ಒಬ್ಬನೇ ಅನ್ನಿಸಲಿಲ್ಲ.

“ಇಳೀತಾ?” ಫೋನಿನಿಂದ ಸ್ವರ ಬಂತು. “ಪೀರಣ್ಣ, ಗ್ಲಾಸು ಇಳೀತಾ?”

“ಇಳೀತು.”

ತಿಪ್ಪೇಸ್ವಾಮಿ ಅಳಲಿಲ್ಲ, ಅದೇ ನನಗೆ ಹೆಚ್ಚು ಭಯವಾದದ್ದು. ಲೆಟರು ಓದುವ ಗುಮಾಸ್ತನ ಸ್ವರದಲ್ಲಿ ಹೇಳಿದ. “ಹಂಗಾದ್ರೆ ಸ್ವಿಚ್ ಸರಿ ಐತೆ. ಲಾಕ್ ಒತ್ತಿದ್ದು ನಾನೇ. ಆತು ಪೀರಣ್ಣ, ತಿಳೀತು. ಇನ್ನು ಏನೂ ಕೇಳೋದಿಲ್ಲ. ಚಾನಲ್ಲಿಗೆ ಈಗ ನೀರು ಬಿಟ್ಟಾರೆ ಅಲ್ವಾ?”

ಆ ಕೊನೆಯ ಮಾತು ಕೇಳಿದ ಮೇಲೆ ನನಗೆ ತಟ್ಟೆಯೂ ಬೇಡವಾಯಿತು, ಗ್ಲಾಸೂ ಬೇಡವಾಯಿತು. ದೆವ್ವದ ಹೆದರಿಕೆಗಿಂತ ದೊಡ್ಡ ಹೆದರಿಕೆ ಇರುತ್ತದೆ ಎಂದು ಆಗ ಗೊತ್ತಾಯಿತು.

“ಫೋನ್ ಇಡಬ್ಯಾಡ್ರಿ” ಎಂದೆ. “ಲಾಕ್ ನೀವು ಒತ್ತಿಲ್ಲ. ಒತ್ತಿದ್ರೂ ಒಂದೇ, ಬಿಟ್ರೂ ಒಂದೇ. ಆ ಗ್ಲಾಸಿನ ವೈರು ನಾನು ಕತ್ತರಿಸಿದ್ದೆ. ಹೋದ ಮಳೆಗಾಲದಾಗೆ, ನನ್ನ ಕೈಯಾರೆ. ಇವತ್ತು ಬಿಚ್ಚಿ ನೋಡ್ದೆ, ಹಂಗೇ ಐತೆ. ನಿಮಗೆ ಹೇಳಬಾರದು ಅಂತ ಜೋಡಿಸಾಕೆ ಕೂತಿದ್ದೆ.”

ತಟ್ಟೆ ಸುಮ್ಮನಿತ್ತು.

“ಮತ್ತೆ ಈಗ ಒತ್ತಿದ್ದು ಯಾರು?” ಎಂದ.

“ನಾನಲ್ಲ.”

“ಗ್ಲಾಸು ಹೆಂಗೆ ಇಳೀತು?”

“ಗೊತ್ತಿಲ್ಲ ತಿಪ್ಪೇಸ್ವಾಮಿ. ಅಲ್ಲಾನ ಆಣೆ, ಗೊತ್ತಿಲ್ಲ.”

ಫೋನು ಕಟ್ಟಾಯಿತು.

ನಾನು ಹೊರಗೆ ಬಂದು ರಸ್ತೆಯ ಪಕ್ಕ ನಿಂತೆ. ಚಾನಲ್ಲಿನ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹತ್ತು ಸಲ ಫೋನು ಮಾಡಿದೆ, ಎತ್ತಲಿಲ್ಲ. ಬೈಕು ತೆಗೆದುಕೊಂಡು ಹೊರಡೋಣವೆಂದು ಕೀಲಿಗೆ ಕೈ ಹಾಕುವಷ್ಟರಲ್ಲಿ ಒಂದು ಸ್ಕೂಟರಿನ ಬೆಳಕು ಕಂಡಿತು. ಅವನೇ. ಸ್ವೆಟರ್ ಇಲ್ಲ, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ನನ್ನನ್ನು ಹೊಡೆಯಲಿ ಎಂದು ನಿಂತೆ. ಅವನು ನನ್ನನ್ನು ದಾಟಿ ಒಳಗೆ ಹೋದ.

ನಾನು ಟಾರ್ಚು ಹಿಡಿದೆ. ಅವನು ಬಗ್ಗಿ ನಾಲ್ಕು ತುದಿಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿದ. ತೆರೆದ ಕಿಟಕಿಯ ಅಂಚಿನ ಮೇಲೆ ಕೈ ಇಟ್ಟ. ಆಮೇಲೆ ತಟ್ಟೆಯಲ್ಲಿದ್ದ ಸ್ವಿಚ್ಚನ್ನು ಎತ್ತಿ ಒಮ್ಮೆ ತಾನೇ ಒತ್ತಿ ನೋಡಿದ. ಟಕ್... ಕ್.

“ನೀವು ವೈರು ಕತ್ತರಿಸಿದ್ದು ಅವ್ಳಿಗೆ ಗೊತ್ತಿತ್ತಾ?”

ಇಂಥ ಪ್ರಶ್ನೆ ಬರುತ್ತದೆಂದು ನಾನು ನೆನೆಸಿರಲಿಲ್ಲ. “ಗೊತ್ತಿತ್ತು” ಎಂದೆ. “ಪಕ್ಕದಾಗೇ ನಿಂತು ಟಾರ್ಚ್ ಹಿಡಿದಿದ್ರು. ಇದು ಇನ್ನು ಇಳಿಯಾಕಿಲ್ಲ ಅಂತ ನಾನೇ ಹೇಳಿದ್ದೆ.”

“ಸರಿಯಾಗಿ ನೆನಪು ಮಾಡ್ಕಂಡು ಹೇಳ್ರಿ.”

“ಸರಿಯಾಗೇ ಹೇಳ್ತಾ ಇದೀನಿ.”

ಅವನು ಸ್ವಿಚ್ಚನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ಟೂಲು ನೆಟ್ಟಗೆ ಮಾಡಿ ಕೂತ. ಮುಖ ನನಗೆ ಕಾಣುತ್ತಿರಲಿಲ್ಲ.

“ಹಂಗಾದ್ರೆ ಗ್ಲಾಸು ಇಳಿಯೋದಿಲ್ಲ ಅಂತ ಗೊತ್ತಿದ್ದೇ ಒತ್ತಿದ್ಲು” ಎಂದ. “ಒಳಗೆ ಕತ್ತಲೆ. ನೀರು ಬಾಯಿತನಕ ಬಂದಿರಬೇಕು, ಕೂಗಾಕೆ ಆಗಿಲ್ಲ. ನಾನು ಹೊರಗೆ ಡೋರು ಜಗ್ಗೋದು ಅವ್ಳಿಗೆ ಕೇಳ್ತಿತ್ತು. ಇಲ್ಲಿದೀನಿ ಅಂತ ಹೇಳಾಕೆ ಒತ್ತಿದ್ಲು, ಪೀರಣ್ಣ. ನನ್ನ ಜೊತಿ ಮಾತಾಡ್ತಿದ್ಲು. ನಾನು ಐದು ತಿಂಗಳು ಅದನ್ನ ಗ್ಲಾಸಿನ ಸದ್ದು ಅನ್ಕಂಡೆ.”

ನಾನು ಅತ್ತೆ. ಅವನು ಅಳಲಿಲ್ಲ. ಕರೆಂಟು ಬಂತು. ಇಬ್ಬರೂ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಅಪರಿಚಿತರ ಹಾಗೆ ಒಬ್ಬರನ್ನೊಬ್ಬರು ನೋಡಿದೆವು.

ಏಳುವಾಗ ಹೇಳಿದ. “ನೀವು ಮಾಡಿದ್ದು ತಪ್ಪು. ಅದನ್ನ ನಾನು ಮರೆಯಾಕಿಲ್ಲ, ಮರೆತೆ ಅಂತ ಸುಳ್ಳೂ ಹೇಳಾಕಿಲ್ಲ. ಆದ್ರೆ ಹೇಳಿದ್ರಲ್ಲ.” ಅಷ್ಟು ಹೇಳಿ ಸ್ವಿಚ್ಚನ್ನು ಅಂಗಿಯ ಮೇಲುಜೇಬಿಗೆ ಹಾಕಿಕೊಂಡ. “ಇದು ನನ್ನತ್ರ ಇರಲಿ. ಗ್ಲಾಸು ಏರಿಸಬ್ಯಾಡ್ರಿ.”

ಮಾರನೇ ದಿನ ಕಾರನ್ನು ಎಳೆಸಿಕೊಂಡು ಹೋದ. ಆ ಬಾಗಿಲನ್ನು ನಾನು ಮತ್ತೆ ಮುಟ್ಟಲಿಲ್ಲ. ಅಂದಿನಿಂದ ಯಾರ ಗಾಡಿಯ ವೈರನ್ನೂ ‘ಸದ್ಯಕ್ಕೆ’ ಎಂದು ಕತ್ತರಿಸುವುದಿಲ್ಲ. ಗಿರಾಕಿಗಳು ಬೈಯುತ್ತಾರೆ, ಪೀರಣ್ಣನಿಗೆ ವಯಸ್ಸಾಯಿತು ಎನ್ನುತ್ತಾರೆ. ಅನ್ನಲಿ.

ಆ ಮೋಟರು ಹೇಗೆ ತಿರುಗಿತು ಎಂದು ಲೆಕ್ಕ ಹಾಕಿ ಹಾಕಿ ಸೋತಿದ್ದೇನೆ. ನ್ಯಾಮತಿಯಲ್ಲಿ ನನಗಿಂತ ಹಳಬನಾದ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ. ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಬ್ಯಾಟರಿ ಎಲ್ಲಿತ್ತು, ವೈರು ಹೇಗಿತ್ತು ಎಂದು ಎರಡೆರಡು ಸಲ ಕೇಳಿದ. ಆಮೇಲೆ “ಪೀರಣ್ಣ, ಮಗಳ ಮನೀಗೆ ಹೋಗಿ ನಾಲ್ಕು ದಿನ ಇದ್ದು ಬಾ” ಎಂದ. ನಾನು ಹೋಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೋ ಏನೋ.

ತಿಪ್ಪೇಸ್ವಾಮಿ ಈಗಲೂ ಚನ್ನಗಿರಿಗೆ ಬಂದಾಗ ನನ್ನ ಶೆಡ್ಡಿಗೆ ಬರುತ್ತಾನೆ. ಯಾಕೆ ಬರುತ್ತಾನೋ ನಾನು ಕೇಳಿಲ್ಲ. ಹೆಚ್ಚು ಮಾತಿಲ್ಲ, ಚಹಾ ಕುಡಿಯುತ್ತೇವೆ. ಮೈ ಸ್ವಲ್ಪ ತುಂಬಿಕೊಂಡಿದ್ದಾನೆ. ಮೇಲುಜೇಬು ಮಾತ್ರ ಯಾವಾಗಲೂ ಚೌಕಾಕಾರವಾಗಿ ಉಬ್ಬಿರುತ್ತದೆ.

ಹೋದ ವಾರ ಬಂದಿದ್ದ. ಸಂಜೆಯಾಗಿತ್ತು. ಸ್ಕೂಲಿನ ಯಾವುದೋ ವಿಷಯ ಹೇಳುತ್ತಿದ್ದವನು ಮಾತಿನ ನಡುವೆ ನಿಲ್ಲಿಸಿದ. ಫೋನು ಬಂದವರ ಹಾಗೆ ಕೈ ಜೇಬಿನ ಮೇಲೆ ಇಟ್ಟುಕೊಂಡ. ಮುಖದಲ್ಲಿ ಒಂದು ಸಣ್ಣ ನಗು. ತಲೆ ತಗ್ಗಿಸಿ, ನನಗೆ ಕೇಳಲೆಂದಲ್ಲ, ಮೆಲ್ಲಗೆ “ಬಂದೆ, ಬಂದೆ” ಎಂದ. ಚಹಾ ಲೋಟ ಇಟ್ಟು, “ಹೊತ್ತಾತು ಪೀರಣ್ಣ, ಬರ್ತೀನಿ” ಎಂದು ಸ್ಕೂಟರು ಹತ್ತಿದ.

ಅವನ ಪಕ್ಕದಲ್ಲೇ ಕೂತಿದ್ದೆ ನಾನು, ಒಂದು ಮೊಳ ದೂರದಲ್ಲಿ. ನನಗೇನೂ ಕೇಳಿಸಲಿಲ್ಲ.

ಮೊದಲು ಭಯವಾಯಿತು. ಆಮೇಲೆ, ಒಂಟಿ ಕೋಣೆಗೆ ಹೋಗಿ ದೀಪ ಹಚ್ಚಿದ ಮೇಲೆ, ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೊಟ್ಟೆಕಿಚ್ಚಾಯಿತು. ಆ ವೈರು ಕತ್ತರಿಸಿದ ಕೈ ನನ್ನದು, ನನಗಾಗಬಾರದಿತ್ತು, ಆದರೂ ಆಯಿತು. ನನ್ನ ಹೆಂಡತಿ ಹೋಗಿ ಆರು ವರ್ಷ. ಆ ರಾತ್ರಿ ನಾನು ಬೆಳಗಿನ ತನಕ ಕಿವಿಯಿಟ್ಟುಕೊಂಡೇ ಮಲಗಿದ್ದೆ.